ತಡಮಾತಿನ ಕೋಣೆ

ನಮ್ಮೂರಲ್ಲಿ ಹದಿಮೂರು ದಾಟಿದ ಮಕ್ಕಳನ್ನು ಯಾರೂ ಹೊಸ್ತಿಲಲ್ಲಿ ನಿಂತು ಏನನ್ನೂ ಕೇಳುವುದಿಲ್ಲ. ಊಟಕ್ಕೆ ಏನು ಬೇಕು ಅನ್ನುವುದನ್ನು ತಾಯಂದಿರು ಒಲೆ ಹಚ್ಚುವ ಮೊದಲೇ ಕೇಳಿಟ್ಟಿರುತ್ತಾರೆ. ಬಸ್ಸಿನ ಕಂಡಕ್ಟರು ‘ಎಲ್ಲಿ ಇಳೀತೀಯಪ್ಪಾ?’ ಅಂತ ಕೇಳಿ, ಹಿಂದಿನ ಸೀಟಿನವರೆಗೂ ಟಿಕೆಟ್ ಹರಿದು, ವಾಪಸು ಬಂದು ಉತ್ತರಕ್ಕಾಗಿ ಅಲ್ಲೇ ಕಂಬಿ ಹಿಡಿದು ನಿಲ್ಲುತ್ತಾನೆ. ಶಾಲೆಯಲ್ಲಿ ಮೇಷ್ಟ್ರು ಪಾಠದ ಮೊದಲು ಪ್ರಶ್ನೆ ಹಾಕಿ ಅರ್ಧ ಪಾಠ ಮುಗಿಸಿ ಉತ್ತರ ಕೇಳಿಸಿಕೊಳ್ಳುತ್ತಾರೆ. ಆ ವಯಸ್ಸಿನವರ ಮಾತು ದೊಡ್ಡವರ ಕಿವಿಗೆ ಬೀಳಬೇಕಾದರೆ ಒಂದು ಪಾತ್ರೆ ಅನ್ನ ಬೇಯುವಷ್ಟು ಹೊತ್ತು ಬೇಕು. ಹೆಚ್ಚುಕಡಿಮೆ ಕಾಲು ಗಂಟೆ. ಆಡಿದ ಜಾಗದಲ್ಲೇ, ಆಡಿದ ದನಿಯಲ್ಲೇ ಕೇಳಿಸುತ್ತದೆ, ಆಡಿದವರು ಅಲ್ಲಿರಲಿ ಬಿಡಲಿ. ಅವರವರ ನಡುವೆ ಮಾತ್ರ ತಡವಿಲ್ಲ. ನಾವು ಆಡಿದ್ದೂ ಅವರಿಗೆ ಆ ಕ್ಷಣಕ್ಕೇ ಕೇಳುತ್ತದೆ. ಇದಕ್ಕೆ ನಾವು ತಡಮಾತು ಅನ್ನುತ್ತೇವೆ. ‘ನಿಮ್ಮ ಹುಡುಗಿಗೆ ತಡ ಬಂತೇನ್ರೀ?’ ಅಂತ ನೀರಿನ ನಲ್ಲಿಯ ಹತ್ತಿರ ಹೆಂಗಸರು ವಿಚಾರಿಸಿಕೊಳ್ಳುತ್ತಾರೆ. ಹತ್ತೊಂಬತ್ತರ ಆಸುಪಾಸಿನಲ್ಲಿ ಒಂದು ಬೆಳಿಗ್ಗೆ ಮಗ ‘ಅಮ್ಮಾ, ಕಾಫಿ’ ಅಂದದ್ದು ಆಗಲೇ ಕೇಳಿಸುತ್ತದೆ, ಅಮ್ಮ ಬೆಚ್ಚಿ ತಿರುಗಿ ನೋಡುತ್ತಾಳೆ. ಅಲ್ಲಿಗೆ ಮುಗಿಯಿತು.

ನನ್ನ ಹೆಸರು ದಾಕ್ಷಾಯಣಿ. ಊರಿಗಿರುವ ಒಂದೇ ಆಸ್ಪತ್ರೆಯಲ್ಲಿ ಮೂವತ್ತು ವರ್ಷದಿಂದ ನರ್ಸ್ ಆಗಿದ್ದೇನೆ, ಅದರಲ್ಲಿ ಈಚಿನ ಹತ್ತು ವರ್ಷ ಹೆಡ್ ನರ್ಸ್. ಡಾಕ್ಟರ್ ಜಯತೀರ್ಥರು ಬೆಳಿಗ್ಗೆ ಒಂಬತ್ತಕ್ಕೆ ಕುರ್ಚಿಯಲ್ಲಿ ಕೂತರೆ ಮಧ್ಯಾಹ್ನ ಎರಡರೊಳಗೆ ನೂರಿಪ್ಪತ್ತು ಜನರನ್ನು ನೋಡಿ ಏಳುತ್ತಿದ್ದರು. ಕೈಗುಣ ಒಳ್ಳೆಯದು, ಮನಸ್ಸೂ ಒಳ್ಳೆಯದು, ಆದರೆ ಪುರುಸೊತ್ತು ಅನ್ನುವುದು ಅವರ ಜಾತಕದಲ್ಲೇ ಇರಲಿಲ್ಲ. ತಡಮಾತಿನ ಮಕ್ಕಳು ಬಂದರೆ ಅವರು ಜೊತೆಗೆ ಬಂದ ತಂದೆತಾಯಿಯನ್ನು ಕೇಳುತ್ತಿದ್ದರು, ಇಲ್ಲವೇ ‘ಹೊಟ್ಟೆನೋವಾ? ಭೇದೀನಾ?’ ಅಂತ ಕೇಳಿ ಮಕ್ಕಳಿಂದ ತಲೆಯಾಡಿಸಿಕೊಳ್ಳುತ್ತಿದ್ದರು. ತಲೆಯಾಡಿಸುವುದಕ್ಕೆ ತಡವಿಲ್ಲವಲ್ಲ. ಬರೆದು ಕೊಡಲಿ ಅಂತ ಒಂದು ವರ್ಷ ಚೀಟಿಗಳನ್ನೂ ಇಟ್ಟೆವು. ಹತ್ತರಲ್ಲಿ ಒಂಬತ್ತು ಚೀಟಿ ತಾಯಂದಿರ ಅಕ್ಷರದಲ್ಲಿ ಬಂದವು. ಉಳಿದ ಒಂದನ್ನೂ ತಾಯಿ ಓದಿ, ಸೈ ಅನ್ನಿಸಿದ ಮೇಲೆ ಒಳಗೆ ಕೊಟ್ಟಿರುತ್ತಿದ್ದಳು.

ಆ ಸೋಮವಾರ ಭೀಮಪ್ಪ ತನ್ನ ಮಗನನ್ನು ಕರೆತಂದ. ಭೀಮಪ್ಪ ಕಲ್ಲು ಕೆಲಸದವನು, ಬೆಟ್ಟದಾಚೆಯ ಕ್ವಾರಿಗಳಲ್ಲಿ ಬೀಡುಬಿಟ್ಟು ಕೆಲಸ ಮಾಡುತ್ತಿದ್ದ. ಮಗ ಮಹಾಂತೇಶನಿಗೆ ಹದಿನೈದು. ಎತ್ತರಕ್ಕೆ ಬೆಳೆದಿದ್ದ, ಆದರೆ ಅಂಗಿಯೊಳಗೆ ಮೈ ಇರಲಿಲ್ಲ. ‘ಮೂರು ದಿನದಿಂದ ಹೊಟ್ಟೆನೋವು ಅಂತಾನೆ ಸಾರ್, ಎರಡು ಸಲ ವಾಂತಿ ಮಾಡಿದ. ಸಿಕ್ಕಿದ್ದು ತಿಂತಾನೆ, ಅದಕ್ಕೇ’ ಅಂದ ಭೀಮಪ್ಪ. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ ಮಾತ್ರೆ ಬರೆದರು. ಹುಡುಗನ ತುಟಿ ಅಲ್ಲಾಡುತ್ತಿದ್ದುದನ್ನು ನಾನು ನೋಡಿದೆ. ನೋಡಿಯೂ ಮುಂದಿನವರ ಹೆಸರು ಕೂಗಿದೆ. ಆ ವಯಸ್ಸಿನ ಎಲ್ಲರ ತುಟಿಯೂ ಅಲ್ಲಾಡುತ್ತದೆ, ನೂರಿಪ್ಪತ್ತು ಜನರಲ್ಲಿ ಯಾವುದನ್ನು ಅಂತ ಕಾಯುವುದು?

ಅವರು ಹೋದ ಮೇಲೆ ಐದಾರು ಜನ ಬಂದು ಹೋದರು. ಡಾಕ್ಟರು ವಾರ್ಡಿಗೆ ಎದ್ದು ಹೋದಾಗ ನಾನು ಪರೀಕ್ಷೆಯ ಮಂಚದ ಮೇಲುಹಾಸು ಬದಲಿಸುತ್ತಿದ್ದೆ. ಮಂಚದ ಪಕ್ಕದಿಂದ ಆ ಹುಡುಗನ ದನಿ ಬಂತು. ‘ಸಾರ್, ಎಷ್ಟು ನೀರು ಕುಡಿದರೂ ಬಾಯಾರಿಕೆ ನಿಲ್ಲಲ್ಲ. ತಿಂಗಳಿಂದ ಹಾಸಿಗೆ ಒದ್ದೆ ಆಗ್ತಿದೆ, ಚಿಕ್ಕ ಮಕ್ಕಳ ಹಾಗೆ. ಎಲ್ಲರಿಗಿಂತ ಮೊದಲೇ ಎದ್ದು ಒಗೀತೀನಿ. ಅಪ್ಪನಿಗೆ ಹೇಳಬೇಡಿ ಸಾರ್.’

ಕೈಯಲ್ಲಿದ್ದ ಹಾಸು ಹಾಗೇ ಬಿಟ್ಟು ಓಡಿದೆ. ಬಾಯಾರಿಕೆ, ಹಾಸಿಗೆ ಒದ್ದೆ, ಮೈ ಇಳಿದದ್ದು, ವಾಂತಿ. ಮೂರನೆಯ ವರ್ಷದ ನರ್ಸಿಂಗ್ ವಿದ್ಯಾರ್ಥಿನಿಗೂ ಗೊತ್ತು, ಅದು ಸಕ್ಕರೆ ಕಾಯಿಲೆ, ಅದೂ ಕೊನೆಯ ಹಂತಕ್ಕೆ ಬಂದದ್ದು. ಕ್ವಾರಿಯ ಬಸ್ಸು ಹೊರಟುಹೋಗಿತ್ತು. ಡಾಕ್ಟರು ತಮ್ಮ ಮೋಟರ್ ಸೈಕಲ್ ಕೊಟ್ಟು ಕಾಂಪೌಂಡರ್ ವೆಂಕೋಬಣ್ಣನನ್ನು ಹಿಂದೆ ಅಟ್ಟಿದರು. ಅವನು ಹೋದಾಗ ಬೀಡು ಬೇರೆ ಕ್ವಾರಿಗೆ ಬದಲಾಗಿತ್ತು. ಹುಡುಕಿ ಮುಟ್ಟಿದ್ದು ಮರುದಿನ ಮಧ್ಯಾಹ್ನ. ಅಷ್ಟರಲ್ಲಿ ಹುಡುಗನಿಗೆ ಎಚ್ಚರ ತಪ್ಪಿತ್ತು. ಕಲ್ಲು ಸಾಗಿಸುವ ಲಾರಿಯಲ್ಲಿ ಅಪ್ಪನ ತೊಡೆಯ ಮೇಲೆ ಮಲಗಿಸಿ ತಂದರು. ನಮ್ಮ ಗೇಟಿನವರೆಗೆ ಉಸಿರಿತ್ತು, ಒಳಗೆ ತರುವಾಗ ಇರಲಿಲ್ಲ.

ಒಂದು ವಾರ ನನಗೆ ಅನ್ನ ಇಳಿಯಲಿಲ್ಲ. ಎಂಟನೆಯ ದಿನ ಡಾಕ್ಟರ ಕೋಣೆಗೆ ಹೋಗಿ ನಿಂತೆ. ‘ಸಾರ್, ಔಷಧಿ ದಾಸ್ತಾನಿನ ಪಕ್ಕದ ಕೋಣೆ ನನಗೆ ಬೇಕು. ತಡಮಾತಿನ ಮಕ್ಕಳನ್ನ ಮೊದಲು ಅಲ್ಲಿ ಕೂರಿಸ್ತೀನಿ. ಮಾತು ಬರೋವರೆಗೂ ಕಾದು, ಕೇಳಿಸಿಕೊಂಡು, ಆಮೇಲೆ ನಿಮ್ಮ ಹತ್ರ ಕಳಿಸ್ತೀನಿ. ಹೊಸ ನರ್ಸ್ ಎಸ್ತರ್‌ಗೂ ವೆಂಕೋಬಣ್ಣನಿಗೂ ತರಬೇತಿ ಕೊಡ್ತೀನಿ.’

ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಆ ವಾರ ಅವರೂ ಇಳಿದುಹೋಗಿದ್ದರು. ‘ಕಾಯೋದಕ್ಕೂ ತರಬೇತಿ ಬೇಕಾ ಸಿಸ್ಟರ್?’

‘ಮೂವತ್ತು ವರ್ಷದ ಸರ್ವೀಸು ನಂದು. ನನಗೇ ಬರಲಿಲ್ಲವಲ್ಲ ಸಾರ್.’

ಅವರು ಕನ್ನಡಕ ಹಾಕಿಕೊಂಡು ಮೇಜಿನ ಖಾನೆ ಎಳೆದರು. ಆಮೇಲೆ ‘ಮೂರು ತಿಂಗಳು ನೋಡೋಣ. ಹೊರಗೆ ಕ್ಯೂ ನಿಂತರೆ ಮಾತ್ರ ನನ್ನನ್ನ ಕೇಳಬೇಡಿ’ ಅಂದರು. ಬೀಗದ ಕೈ ಕೊಟ್ಟರು.

ಕೋಣೆ ಸಿಕ್ಕಿತು, ಕಲಿಸುವವರು ಯಾರು? ನನಗೆ ಗೊತ್ತಿದ್ದದ್ದು ಇಷ್ಟೇ, ನಾನು ತಪ್ಪು ಮಾಡಿದ್ದೆ. ಸರಿ ಯಾವುದು ಅಂತ ಗೊತ್ತಿರಲಿಲ್ಲ. ಆಗ ಬಳೆ ಅಂಗಡಿಯ ದಸ್ತಗೀರ್ ಸಾಹೇಬರ ಮಗಳು ಗುಲ್ನಾರ್ ಬೆರಳಿನ ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳಲು ದಿನ ಬಿಟ್ಟು ದಿನ ಬರುತ್ತಿದ್ದಳು. ಹದಿನಾರು ವರ್ಷ. ಮಹಾಂತೇಶನ ಶಾಲೆಯವಳೇ. ಅವಳ ನಾಲಿಗೆಯ ಖ್ಯಾತಿ ಊರಿಗೆಲ್ಲ ಗೊತ್ತಿತ್ತು, ಅವಳು ಹೋದ ಕಡೆಯಲ್ಲೆಲ್ಲ ಕಾಲು ಗಂಟೆಯ ಮೇಲೆ ಯಾರಾದರೊಬ್ಬರ ಮುಖ ಕೆಂಪಾಗುತ್ತಿತ್ತು. ಪಟ್ಟಿ ಕಟ್ಟುತ್ತಾ ಕೇಳಿದೆ, ‘ನಮಗೆ ಸ್ವಲ್ಪ ಕಲಿಸಿಕೊಡ್ತೀಯಾ ಮಗಳೇ? ನಿಮ್ಮಂಥವರ ಹತ್ರ ಹೇಗೆ ಕೂರಬೇಕು ಅಂತ?’

ಅವಳು ನನ್ನ ಮುಖ ನೋಡಿದಳು, ಏನೋ ಹೇಳಿದಳು, ಎದ್ದು ಹೊರಟೇಹೋದಳು. ನಾನು ಆ ಸ್ಟೂಲಿನ ಮುಂದೆಯೇ ಕೂತೆ. ಯಾರೋ ಕರೆದರು, ಏಳಲಿಲ್ಲ. ಕಾಲು ಗಂಟೆಯ ಮೇಲೆ ಖಾಲಿ ಸ್ಟೂಲಿನಿಂದ ಮಾತು ಬಂತು. ‘ಪ್ರಶ್ನೆ ಕೇಳಿ ಉತ್ತರಾನೂ ತಾವೇ ಹೇಳೋರಿಗೆ ಕಲಿಸೋದೇನು? ಗುರುವಾರ ಶಾಲೆ ಅರ್ಧ ದಿನ. ಬರ್ತೀನಿ. ಶುಂಠಿ ಹಾಕಿದ ಚಹಾ ಇರಲಿ, ಸಕ್ಕರೆ ಬೇಡ.’

ಗುರುವಾರ ಬಂದವಳು ಮೊದಲು ಕುಡಿದು ನೋಡಿದ್ದು ಚಹಾ. ಶುಂಠಿ ಇತ್ತು, ಸಕ್ಕರೆ ಇರಲಿಲ್ಲ. ಆಗ ಕೂತಳು.

ಅವಳು ಕಾಯಿಲೆಯವಳ ಪಾತ್ರ ಮಾಡುತ್ತಿದ್ದಳು, ನಾವು ಒಬ್ಬೊಬ್ಬರೇ ಎದುರು ಕೂರುತ್ತಿದ್ದೆವು. ಮೊದಲು ವೆಂಕೋಬಣ್ಣ. ಐವತ್ತು ದಾಟಿದ ಮನುಷ್ಯ, ಬಾಯಿ ಬಿಟ್ಟರೆ ಆಕಾಶವಾಣಿ. ‘ಏನಮ್ಮಾ, ತಲೆನೋವಾ? ನಿದ್ದೆ ಸರಿಯಾಗಿಲ್ವಾ? ತಿಂಡಿ ಬಿಟ್ಟಿರ್ತೀಯಾ. ಪರೀಕ್ಷೆ ಬೇರೆ ಹತ್ರ ಬಂತು ನೋಡು, ಅದೇ ಇದು, ಹೆದರಬೇಡ’ ಅಂತ ಒಂದೇ ಉಸಿರಿಗೆ ಮುಗಿಸಿ ಗೆದ್ದವನ ಹಾಗೆ ನನ್ನ ಕಡೆ ನೋಡಿದ. ಕಾಲು ಗಂಟೆಯ ಮೇಲೆ ಗುಲ್ನಾರಳ ದನಿ ಬಂತು. ‘ಅಣ್ಣಾ, ನಾನು ಬಾಯಿ ಬಿಡೋದ್ರೊಳಗೆ ನನಗೆ ನಾಲ್ಕು ಕಾಯಿಲೆ ಬಂದು ವಾಸೀನೂ ಆಯ್ತು.’

ಎಸ್ತರ್ ಇಪ್ಪತ್ತಮೂರರ ಹುಡುಗಿ, ಕೆಲಸಕ್ಕೆ ಸೇರಿ ವರ್ಷವಾಗಿತ್ತಷ್ಟೆ. ಅವಳು ಮಾತಾಡಲಿಲ್ಲ, ಆದರೆ ಕಣ್ಣಲ್ಲಿ ನೀರು ತುಂಬಿಕೊಂಡು ಗುಲ್ನಾರಳನ್ನೇ ನೋಡುತ್ತಾ ಕೂತಳು. ಅವಳಿಗೆ ಬಂದ ಉತ್ತರ, ‘ಎಸ್ತರಕ್ಕಾ, ನೀವು ನೋಡೋ ನೋಟಕ್ಕೆ ನಾನು ಆಗಲೇ ಸತ್ತುಹೋಗಿದೀನೇನೋ ಅನ್ನಿಸ್ತು.’ ಕೊನೆಗೆ ನಾನು. ನಾನು ತುಂಬ ಚೆನ್ನಾಗಿ ಕೂತಿದ್ದೇನೆ ಅಂದುಕೊಂಡಿದ್ದೆ. ‘ಸಿಸ್ಟರಮ್ಮಾ, ಎದೆ ಮೇಲಿನ ಗಡಿಯಾರವನ್ನ ಏಳು ಸಲ ನೋಡಿದ್ರಿ. ಎಣಿಸಿದೆ.’ ಆ ಗಡಿಯಾರವನ್ನು ನಾನು ನರ್ಸ್ ಆದ ದಿನದಿಂದ ಸಮವಸ್ತ್ರಕ್ಕೆ ಸಿಕ್ಕಿಸಿಕೊಂಡಿದ್ದೆ. ಅವತ್ತು ತೆಗೆದು ಮೇಜಿನ ಖಾನೆಯಲ್ಲಿಟ್ಟೆ.

ಹಾಗೆ ಗುರುವಾರ ಗುರುವಾರ ಕಲಿತೆವು. ಒಂದು ಸಲಕ್ಕೆ ಒಂದೇ ಪ್ರಶ್ನೆ. ಹೌದು ಅಲ್ಲ ಅಂತ ಮುಗಿದುಹೋಗುವ ಪ್ರಶ್ನೆ ಬೇಡ. ಕಾಯುವಾಗ ಮುಖವನ್ನೇ ದಿಟ್ಟಿಸಬಾರದು, ಕೈಗೆ ಏನಾದರೂ ಕೆಲಸವಿರಬೇಕು. ಗಾಯಕ್ಕೆ ಕಟ್ಟುವ ಬಟ್ಟೆಪಟ್ಟಿ ಸುತ್ತುತ್ತಾ ಕೂರುವುದು ಅಂತ ಮಾಡಿಕೊಂಡೆವು, ಎದುರಿಗಿದ್ದವರ ಕೈಗೂ ಒಂದು ಕೊಡುತ್ತಿದ್ದೆವು. ಆಸ್ಪತ್ರೆಗೆ ಎರಡು ವರ್ಷಕ್ಕೆ ಆಗುವಷ್ಟು ಪಟ್ಟಿ ಆ ಮೂರು ತಿಂಗಳಲ್ಲಿ ಸುತ್ತಿದ್ದೇವೆ. ಇನ್ನೊಂದು ವಿಷಯ ಗುಲ್ನಾರ್ ಹೇಳುವವರೆಗೂ ನಮಗೆ ಹೊಳೆದಿರಲಿಲ್ಲ. ‘ಇಲ್ಲಿ ಹೇಳಿದ್ದು ನಮ್ಮಪ್ಪನ ಅಂಗಡಿ ಮುಟ್ಟೋಕೆ ಎಷ್ಟು ಹೊತ್ತು ಬೇಕು?’ ಅಂತ ಕೇಳಿದಳು. ನಾನೂ ಎಸ್ತರೂ ವೆಂಕೋಬಣ್ಣನ ಕಡೆ ನೋಡಿದೆವು. ಅವನು ನೆಲ ನೋಡಿದ. ಅವತ್ತಿನಿಂದ ಮಾತು ಬಂದು ಮುಗಿಯುವವರೆಗೆ ಕೋಣೆಯ ಬಾಗಿಲು ತೆರೆಯಬಾರದು, ಒಳಗಿನದು ಹೊರಗೆ ಹೋಗಬಾರದು ಅಂತ ಕಟ್ಟಳೆಯಾಯಿತು. ಜೀವಕ್ಕೆ ಅಪಾಯ ಅಂತಾದರೆ ಮಾತ್ರ ಹೇಳುತ್ತೇವೆ, ಆದರೆ ಹೇಳುತ್ತೇವೆ ಅನ್ನುವುದನ್ನು ಮೊದಲು ಆ ಮಗುವಿಗೇ ತಿಳಿಸುತ್ತೇವೆ. ವೆಂಕೋಬಣ್ಣ ಆಂಜನೇಯನ ಗುಡಿಗೆ ಹೋಗಿ ಆಣೆ ಇಟ್ಟು ಬಂದ. ಪಾಪ, ನಾಲ್ಕು ದಿನ ಅವನಿಗೆ ಹೊಟ್ಟೆ ಉಬ್ಬರಿಸಿತ್ತು.

ತರಬೇತಿ ನಡೆಯಿತು, ಮಕ್ಕಳು ಬರಲಿಲ್ಲ. ಬಂದವರ ತಾಯಂದಿರು ಹೊರಗೆ ಕೂರಲು ಒಪ್ಪಲಿಲ್ಲ. ‘ಒಂಬತ್ತು ತಿಂಗಳು ಹೊತ್ತವಳು ನಾನು. ಅವಳ ಹೊಟ್ಟೆಯೊಳಗಿನದು ನನಗಿಂತ ನಿಮಗೆ ಗೊತ್ತಾಗುತ್ತಾ?’ ಅಂತ ಒಬ್ಬಾಕೆ ಮಗಳ ಕೈ ಹಿಡಿದು ದರದರ ಎಳೆದುಕೊಂಡು ಹೋದಳು. ‘ಬಾಗಿಲು ಹಾಕ್ಕೊಂಡು ಮಕ್ಕಳ ತಲೆ ಕೆಡಿಸ್ತಾರಂತೆ’ ಅನ್ನುವ ಮಾತು ಸಂತೆಯಲ್ಲಿ ಹಬ್ಬಿತು. ಆರು ವಾರದಲ್ಲಿ ಒಂಬತ್ತೇ ಮಕ್ಕಳು. ಡಾಕ್ಟರು ಏನೂ ಅನ್ನಲಿಲ್ಲ, ಆದರೆ ದಾಸ್ತಾನಿನ ಪೆಟ್ಟಿಗೆಗಳು ಒಂದೊಂದಾಗಿ ಕೋಣೆಯೊಳಗೆ ವಾಪಸು ಬರತೊಡಗಿದವು. ನಾನು ಒಂದೊಂದಾಗಿ ಹೊರಗೆ ಇಡಿಸುತ್ತಿದ್ದೆ.

ಒಂದು ಬೆಳಿಗ್ಗೆ ನಾನು ಬರುವಾಗ ಭೀಮಪ್ಪ ಕೋಣೆಯ ಮುಂದೆ ಉಳಿ ಸುತ್ತಿಗೆ ಹಿಡಿದು ಕೂತಿದ್ದ. ಎರಡು ಎತ್ತಿನ ಗಾಡಿಯಲ್ಲಿ ಚಪ್ಪಡಿ ಕಲ್ಲು ಬಂದಿತ್ತು. ಮಗ ಹೋದ ಮೇಲೆ ಅವನನ್ನು ನೋಡಿದ್ದು ಅದೇ ಮೊದಲು. ‘ಏನ್ ಭೀಮಪ್ಪಾ?’ ಅಂದೆ.

‘ಹೊರಗೆ ಕೂರೋರಿಗೆ ಜಾಗ ಇಲ್ವಲ್ಲ ಅಮ್ಮಾ’ ಅಂದ. ‘ನಿಂತು ನಿಂತು ಕಾಲು ನೋಯ್ತಿದ್ರೆ ಯಾರಿಗೆ ತಾಳ್ಮೆ ಇರ್ತದೆ? ಅವತ್ತು ನಾನು ಹೊರಗೆ ಕಾದು ಕೂತಿದ್ದಿದ್ರೆ ಅವನ ಮಾತು ಆಗಲೇ ನಿಮಗೆ ಕೇಳಿರ್ತಿತ್ತು. ನನಗೆ ಹೇಳೋಕೆ ನಾಚಿಕೊಂಡ.’ ಅಷ್ಟು ಹೇಳಿ ಕಲ್ಲಿಗೆ ಏಟು ಹಾಕಿದ. ಎರಡು ದಿನದಲ್ಲಿ ಗೋಡೆಯುದ್ದಕ್ಕೂ ಕಲ್ಲಿನ ಕಟ್ಟೆ ಎದ್ದಿತು. ಆಮೇಲೆ ಕೆಲಸವಿಲ್ಲದ ದಿನಗಳಲ್ಲಿ ಅವನೇ ಬಂದು ಅದರ ಮೇಲೆ ಕೂರುತ್ತಿದ್ದ. ಮಕ್ಕಳನ್ನು ಕರೆತಂದವರು ಅವನನ್ನು ನೋಡಿ ಗೊಣಗುವುದನ್ನು ಬಿಟ್ಟು ಪಕ್ಕದಲ್ಲಿ ಕೂತರು. ಅವನು ಯಾರಿಗೂ ಬುದ್ಧಿ ಹೇಳಲಿಲ್ಲ. ಬೀಡಿ ಸೇದಬೇಡಿ, ಇದು ಆಸ್ಪತ್ರೆ, ಅಂತ ಮಾತ್ರ ಹೇಳುತ್ತಿದ್ದ.

ಮೂರು ತಿಂಗಳು ಮುಗಿಯಲು ನಾಲ್ಕು ದಿನ ಇದ್ದಾಗ ಗಿರಿಜವ್ವ ಮಗಳು ನೀಲಾಳನ್ನು ಕರೆದುಕೊಂಡು ಬಂದಳು. ಗಿರಿಜವ್ವ ಪೇಟೆಯಲ್ಲಿ ಹಪ್ಪಳ ಮಾಡಿ ಮಾರುವವಳು, ಗಂಡನಿಲ್ಲ. ನೀಲಾಳಿಗೆ ಹದಿನಾಲ್ಕು. ಶಾಲೆಯಲ್ಲಿ ಎರಡು ಸಲ ತಲೆಸುತ್ತಿ ಬಿದ್ದಿದ್ದಳು. ‘ರಕ್ತ ಕಡಿಮೆ ಸಿಸ್ಟರ್, ಸರಿಯಾಗಿ ಉಣ್ಣಲ್ಲ. ಒಂದು ಟಾನಿಕ್ ಬರೆಸಿಕೊಡಿ, ನಾನು ಹಿಟ್ಟು ಕಲಸಿಟ್ಟು ಬಂದಿದ್ದು ಗಟ್ಟಿಯಾಗಿಬಿಡ್ತದೆ’ ಅಂದಳು ಗಿರಿಜವ್ವ. ಹುಡುಗಿಯ ಅಂಗೈ ಸೀಮೆಸುಣ್ಣದ ಹಾಗೆ ಬೆಳ್ಳಗಿತ್ತು. ಅವತ್ತು ಕೋಣೆಯ ಸರದಿ ಎಸ್ತರ್‌ದು. ನಾನೇ ಕೂರುತ್ತೇನೆ ಅನ್ನುವ ಮಾತು ತುಟಿಯವರೆಗೆ ಬಂತು. ನುಂಗಿಕೊಂಡೆ. ಜೊತೆಗೆ ಕಲಿತವಳ ಮೇಲೆ ನಂಬಿಕೆಯಿಲ್ಲದಿದ್ದರೆ ಕಲಿತದ್ದು ಯಾತಕ್ಕೆ?

ಎಸ್ತರ್ ನೀಲಾಳನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡಳು. ಬಾಗಿಲಿಗೆ ಅಂಗೈಯಗಲದ ಗಾಜು ಇತ್ತು, ಅದರಲ್ಲಿ ಆಗಾಗ ನೋಡುತ್ತಿದ್ದೆ. ಎಸ್ತರ್ ಒಂದು ಪ್ರಶ್ನೆ ಕೇಳಿದಳು, ಪಟ್ಟಿ ಸುತ್ತತೊಡಗಿದಳು. ಹುಡುಗಿ ತುಟಿ ಬಿಚ್ಚಲಿಲ್ಲ. ಹತ್ತು ನಿಮಿಷ. ಇಪ್ಪತ್ತು ನಿಮಿಷ. ಎಸ್ತರ್ ಎರಡನೆಯ ಪ್ರಶ್ನೆ ಕೇಳಲಿಲ್ಲ, ಇನ್ನೊಂದು ಪಟ್ಟಿ ತೆಗೆದುಕೊಂಡಳು. ಹೊರಗೆ ಗಿರಿಜವ್ವ ಎರಡು ಸಲ ಎದ್ದು ಬಂದು ಬಾಗಿಲಿಗೆ ಕೈ ಹಾಕಿದಳು. ಎರಡನೆಯ ಸಲಕ್ಕೆ ವೆಂಕೋಬಣ್ಣ ಎಲ್ಲಿಂದಲೋ ಬಂದು ಅವಳ ಪಕ್ಕ ಕೂತ. ‘ಅಲ್ಲವ್ವಾ, ನಿಮ್ಮ ಹಪ್ಪಳ ಅಷ್ಟು ಗರಿಯಾಗಿರ್ತದಲ್ಲ, ಅದಕ್ಕೆ ಏನು ಹಾಕ್ತೀರಿ? ನಮ್ಮತ್ತೆಯೂ ಮಾಡ್ತಾಳೆ, ನೆಂದ ರಟ್ಟು’ ಅಂತ ಶುರು ಮಾಡಿದ. ಅಲ್ಲಿಂದ ಅತ್ತೆಯ ಕಣ್ಣಿನ ಆಪರೇಷನ್ನಿಗೆ ಹೋದ, ಅಲ್ಲಿಂದ ಮೆಣಸಿನಕಾಯಿ ಧಾರಣೆಗೆ, ಅಲ್ಲಿಂದ ತನ್ನ ಮದುವೆಯಲ್ಲಿ ಕಾಣೆಯಾದ ಚಪ್ಪಲಿಗೆ. ಮೂವತ್ತು ವರ್ಷದಿಂದ ನಾನು ‘ಬಾಯಿ ಮುಚ್ಚಪ್ಪಾ’ ಅಂತ ಬೈದಿದ್ದ ಬಾಯಿ ಅದು. ಗಿರಿಜವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುವವರೆಗೂ ಅವನು ನಿಲ್ಲಿಸಲಿಲ್ಲ.

ಮತ್ತೆ ಗಾಜಿನಲ್ಲಿ ನೋಡಿದಾಗ ನೀಲಾಳ ತುಟಿ ಅಲ್ಲಾಡುತ್ತಿತ್ತು. ಅವಳೂ ಒಂದು ಪಟ್ಟಿ ಹಿಡಿದು ಸುತ್ತುತ್ತಿದ್ದಳು, ನೆಲ ನೋಡುತ್ತಾ ಹೇಳುತ್ತಿದ್ದಳು. ಇನ್ನು ಕಾಲು ಗಂಟೆ ಅಂದುಕೊಂಡೆ. ಅಷ್ಟರಲ್ಲಿ ಡಾಕ್ಟರು ಬಂದರು. ಕ್ಯೂ ಗೇಟು ದಾಟಿ ರಸ್ತೆಗೆ ಹೋಗಿತ್ತು, ಎಸ್ತರ್ ಇಲ್ಲದೆ ಇಂಜೆಕ್ಷನ್ ಕೊಡುವವರಿರಲಿಲ್ಲ. ‘ಮುಕ್ಕಾಲು ಗಂಟೆ ಆಯ್ತು ಸಿಸ್ಟರ್. ಒಂದು ತಲೆಸುತ್ತಿಗೆ! ಬಾಗಿಲು ತೆಗೀರಿ.’

‘ಇನ್ನು ಹತ್ತು ನಿಮಿಷ ಸಾರ್. ಹುಡುಗಿ ಮಾತಾಡಿದ್ದಾಳೆ.’

‘ನಿಮ್ಮ ಈ ಆಟ ಸಾಕು. ನೂರು ಜನ ಕಾಯ್ತಿದಾರೆ.’

ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಡಾಕ್ಟರಿಗೆ ಎದುರಾಡಿದ್ದು ನನ್ನ ಸರ್ವೀಸಿನಲ್ಲೇ ಅದು ಮೊದಲು. ‘ನನ್ನನ್ನ ಬೇಕಾದ್ರೆ ಸಸ್ಪೆಂಡ್ ಮಾಡಿ ಸಾರ್. ಹತ್ತು ನಿಮಿಷ ಆದ ಮೇಲೆ ಮಾಡಿ.’ ಅವರು ನನ್ನನ್ನು ನೋಡಿದರು, ಕಟ್ಟೆಯ ಮೇಲಿದ್ದ ಭೀಮಪ್ಪನನ್ನು ನೋಡಿದರು. ಸುಮ್ಮನೆ ನಿಂತರು, ಆದರೆ ಹತ್ತು ನಿಮಿಷ ನಿಲ್ಲುವುದು ಅವರಿಂದಾಗಲಿಲ್ಲ. ಏಳೆಂಟು ನಿಮಿಷವಾಗುತ್ತಲೇ ನನ್ನನ್ನು ಪಕ್ಕಕ್ಕೆ ಸರಿಸಿ ಬಾಗಿಲು ತಳ್ಳಿಬಿಟ್ಟರು.

ಎಸ್ತರ್ ಎದ್ದು ನಿಲ್ಲಲಿಲ್ಲ. ಕೈ ಎತ್ತಿ ಅವರನ್ನು ತಡೆದಳು. ಆಮೇಲೆ ನೀಲಾಳ ಕಡೆ ತಿರುಗಿ ಮೆಲ್ಲಗೆ ಕೇಳಿದಳು, ‘ನಿನ್ನ ಮಾತು ಈಗ ಬರುತ್ತೆ ನೀಲಾ. ಡಾಕ್ಟರೂ ದಾಕ್ಷಾಯಣಿ ಸಿಸ್ಟರೂ ಇಲ್ಲೇ ಇದ್ದು ಕೇಳಿಸಿಕೊಳ್ಳಬಹುದಾ? ಬೇಡ ಅಂದ್ರೆ ಹೊರಗೆ ಕಳಿಸ್ತೀನಿ.’ ಹುಡುಗಿ ಡಾಕ್ಟರ ಮುಖವನ್ನು ಬಹಳ ಹೊತ್ತು ನೋಡಿದಳು. ನಮ್ಮ ಡಾಕ್ಟರನ್ನು ಅಷ್ಟು ಹೊತ್ತು ಯಾರೂ ನಿಲ್ಲಿಸಿ ನೋಡಿರಲಿಲ್ಲ. ಕೊನೆಗೆ ಹೂಂ ಅಂತ ತಲೆಯಾಡಿಸಿದಳು. ನಾನು ಬಾಗಿಲು ಮುಚ್ಚಿದೆ. ಒಂದು ನಿಮಿಷ ಯಾವ ಸದ್ದೂ ಇಲ್ಲ. ಆಮೇಲೆ ನೀಲಾಳ ಮುಚ್ಚಿದ ತುಟಿಗಳ ಮುಂದೆ ಅವಳದೇ ಸಣ್ಣ ದನಿ.

‘ಇಪ್ಪತ್ತಮೂರು ದಿನ ಆಯ್ತು ಅಕ್ಕಾ, ನಿಂತೇ ಇಲ್ಲ. ಹೋದ ತಿಂಗಳೂ ಹೀಗೇ. ಬಟ್ಟೆ ಹಿತ್ತಲಲ್ಲಿ ಕದ್ದು ಒಗೀತೀನಿ. ಮೆಟ್ಟಿಲು ಹತ್ತಿದ್ರೆ ಕಣ್ಣು ಕತ್ತಲೆ ಬರುತ್ತೆ.’ ದನಿ ನಿಂತಿತು. ಅವಳು ಆಗ ಅಳು ನುಂಗಿಕೊಂಡಿದ್ದಿರಬೇಕು, ಆ ನುಂಗಿದ ಸದ್ದೂ ಬಂತು. ‘ನಮ್ಮ ಚಿಕ್ಕಮ್ಮ ಹೀಗೇ ರಕ್ತ ಹೋಗಿ ಹೋಗಿ ಸತ್ತಿದ್ದು. ಅಮ್ಮ ಇನ್ನೂ ಅವಳ ಬಟ್ಟೆ ಪೆಟ್ಟಿಗೆ ಮುಟ್ಟಲ್ಲ. ನನಗೂ ಹಾಗೇ ಅಂತ ಗೊತ್ತಾದ್ರೆ ಅಮ್ಮ ಉಳಿಯಲ್ಲ. ಅದಕ್ಕೇ ಹೇಳಲಿಲ್ಲ.’

ಡಾಕ್ಟರು ಅಲ್ಲಿದ್ದ ಪೆಟ್ಟಿಗೆಯೊಂದರ ಮೇಲೆ ಕುಸಿದು ಕೂತರು. ಆದರೆ ಕೂತ ಮರುಕ್ಷಣವೇ ಅವರೊಳಗಿನ ಡಾಕ್ಟರು ಎದ್ದ. ಹುಡುಗಿಯ ನಾಡಿ ಹಿಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು. ‘ಗಾಯ ಆದ್ರೆ ರಕ್ತ ಬೇಗ ನಿಲ್ಲಲ್ವಾ? ಹಲ್ಲುಜ್ಜುವಾಗ ವಸಡಲ್ಲಿ ಬರುತ್ತಾ? ಮೂಗಲ್ಲಿ?’

‘ಒಂದೊಂದೇ ಸಾರ್’ ಅಂದಳು ಎಸ್ತರ್. ಇಪ್ಪತ್ತಮೂರರ ಹುಡುಗಿ, ಐವತ್ತಾರರ ಡಾಕ್ಟರಿಗೆ. ಅವರು ಒಂದೊಂದಾಗಿ ಕೇಳಿದರು. ಹುಡುಗಿ ಮೂರಕ್ಕೂ ಹೂಂ ಅಂತ ತಲೆಯಾಡಿಸಿದಳು. ರಕ್ತ ಹೆಪ್ಪುಗಟ್ಟದ ಕಾಯಿಲೆ, ತಾಯಿಯ ಕಡೆಯಿಂದ ಬಂದದ್ದು. ಟಾನಿಕ್ ಕೊಟ್ಟು ಕಳಿಸಿದ್ದರೆ ಆ ವಾರ ದಾಟುತ್ತಿರಲಿಲ್ಲ ಅಂತ ಆಮೇಲೆ ಅವರೇ ನನಗೆ ಹೇಳಿದರು. ರಕ್ತ ಪರೀಕ್ಷೆಗೆ ತೆಗೆದುಕೊಳ್ಳುವಾಗ ಎಸ್ತರ್ ಅವಳ ಪಕ್ಕ ಕೂತು ಹೇಳಿದಳು, ‘ಇದು ಅಮ್ಮನಿಗೆ ಹೇಳಲೇಬೇಕಾದ ವಿಷಯ ನೀಲಾ. ನಿನಗೆ ರಕ್ತ ಕೊಡಬೇಕು, ಇಲ್ಲೇ ಇಟ್ಟುಕೊಳ್ಳಬೇಕು. ಹೇಗೆ ಹೇಳಿದ್ರೆ ನಿನಗೆ ಸಮಾಧಾನ?’ ಮತ್ತೆ ಕಾಲು ಗಂಟೆ. ರಕ್ತದ ಬಾಟಲಿಗೆ ಓಡಾಟ ಶುರುವಾಗಿತ್ತು, ಡ್ರಿಪ್ ಹಾಕಿಯಾಗಿತ್ತು. ಎಸ್ತರ್ ಮಾತ್ರ ಏಳಲಿಲ್ಲ. ಉತ್ತರ ಬಂತು. ‘ನೀವೇ ಹೇಳಿ. ನಾನು ಅಮ್ಮನ ಕೈ ಹಿಡ್ಕೊಂಡಿರ್ತೀನಿ. ವಾಸಿ ಆಗುತ್ತೆ ಅನ್ನೋದನ್ನ ಮೊದಲು ಹೇಳಿ, ಉಳಿದಿದ್ದು ಆಮೇಲೆ.’

ಹಾಗೇ ಹೇಳಿದಳು. ಗಿರಿಜವ್ವ ಕೂಗಾಡಲಿಲ್ಲ. ಮಗಳ ಕೈ ಹಿಡಿದು ಬಹಳ ಹೊತ್ತು ಆ ಬಿಳಿ ಅಂಗೈಯನ್ನೇ ನೋಡಿದಳು. ‘ನನ್ನ ತಂಗಿಯೂ ನನಗೆ ಹೇಳಿರಲಿಲ್ಲ’ ಅಂದಳು. ‘ಅವಳಿಗೂ ಆಗ ನಿನ್ನಷ್ಟೇ ವಯಸ್ಸು. ಹೇಳಿರಬೇಕು ಕಣೇ, ನಾನು ಎದ್ದು ಹೋಗಿರಬೇಕು.’ ಅವತ್ತು ವೆಂಕೋಬಣ್ಣನ ರಕ್ತ ಹೊಂದಿಕೆಯಾಯಿತು, ಭೀಮಪ್ಪನದೂ ಆಯಿತು. ಹನ್ನೆರಡನೆಯ ದಿನ ನೀಲಾ ತನ್ನ ಕಾಲ ಮೇಲೆ ನಡೆದು ಮನೆಗೆ ಹೋದಳು. ಔಷಧಿ ವರ್ಷಗಟ್ಟಲೆ ಬೇಕು, ತಿಂಗಳಿಗೊಮ್ಮೆ ಬರಬೇಕು. ಬರುತ್ತಾಳೆ.

ಅದೆಲ್ಲ ಆಗಿ ಊರು ಒಂದೇ ದಿನಕ್ಕೆ ಬದಲಾಯಿತು ಅಂದರೆ ಸುಳ್ಳಾಗುತ್ತದೆ. ನೀಲಾಳ ಕಾಯಿಲೆ ಏನು ಅಂತ ಊರಿಗೆ ಗೊತ್ತಾಗಲೇ ಇಲ್ಲ, ನಾವು ಹೇಳಲಿಲ್ಲ. ವೆಂಕೋಬಣ್ಣನೂ ಹೇಳಲಿಲ್ಲ. ಅದು ಗೊತ್ತಾಗದೆ ಉಳಿದದ್ದನ್ನು ನೋಡಿಯೇ ಮಕ್ಕಳು ಬರತೊಡಗಿದರು. ಒಬ್ಬೊಬ್ಬರಾಗಿ, ಆಮೇಲೆ ಇಬ್ಬಿಬ್ಬರಾಗಿ. ಈಗಲೂ ಕೆಲವು ತಾಯಂದಿರು ಜಗಳಾಡುತ್ತಾರೆ. ಕ್ಯೂ ಉದ್ದವೇ ಇದೆ. ಡಾಕ್ಟರು ಮೂರು ತಿಂಗಳ ಗಡುವಿನ ಮಾತು ಮತ್ತೆ ಎತ್ತಲಿಲ್ಲ. ಬದಲಿಗೆ ಒಂದು ಗುರುವಾರ ಬಾಗಿಲ ಬಳಿ ಬಂದು ನಿಂತರು. ‘ನಾನೂ ಕೂರಬಹುದಾ?’ ಅಂತ ಗುಲ್ನಾರಳನ್ನು ಕೇಳಿದರು. ಉತ್ತರಕ್ಕಾಗಿ ಹೊಸ್ತಿಲಲ್ಲೇ ಕಾಲು ಗಂಟೆ ನಿಂತಿದ್ದರು. ಅದನ್ನು ನೋಡಿ ಅವಳು ಸೇರಿಸಿಕೊಂಡಳು.

ಕೋಣೆಯಲ್ಲಿ ಕೂರಲು ಕಲಿತವರೆಲ್ಲ ಪರೀಕ್ಷೆ ಕೊಡಬೇಕು, ಹೋದ ವಾರ ಡಾಕ್ಟರದು ಇತ್ತು. ಪಾಸು ಫೇಲು ಹೇಳುವವರು ನಾವಲ್ಲ, ಗುಲ್ನಾರ್ ಮತ್ತು ಅವಳು ಆರಿಸಿದ ಇಬ್ಬರು ಮಕ್ಕಳು. ಎಸ್ತರ್ ಮೊದಲ ಸಲಕ್ಕೇ ಪಾಸು. ನಾನು ಎರಡನೆಯ ಸಲ. ವೆಂಕೋಬಣ್ಣ ಮೂರು ಸಲ ಫೇಲಾಗಿ, ಹೊರಗಿನ ಕಟ್ಟೆಯ ಮೇಲೆ ದೊಡ್ಡವರನ್ನು ಹಿಡಿದಿಟ್ಟುಕೊಳ್ಳುವ ಕೆಲಸಕ್ಕೆ ಪ್ರತ್ಯೇಕವಾಗಿ ಪಾಸಾದ. ಡಾಕ್ಟರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಅರ್ಧ ಗಂಟೆ ಒಬ್ಬ ಹುಡುಗನ ಎದುರು ಕೂತು, ಪಟ್ಟಿ ಸುತ್ತಿ, ಕೇಳಿಸಿಕೊಂಡು ಎದ್ದರು. ಮೂವರು ಮಕ್ಕಳು ತಮ್ಮತಮ್ಮಲ್ಲಿ ಗುಸುಗುಸು ಮಾಡಿಕೊಂಡು, ತೀರ್ಪು ಹೇಳಿ, ಚಹಾ ಕುಡಿದು ಮನೆಗೆ ಹೋದರು. ನಾವು ನಾಲ್ವರು ಬಾಗಿಲು ಹಾಕಿಕೊಂಡು ಕೂತೆವು. ಡಾಕ್ಟರು ಮೊಣಕಾಲ ಮೇಲೆ ಕೈಯಿಟ್ಟು, ಮಕ್ಕಳು ನಿಂತಿದ್ದ ಜಾಗವನ್ನೇ ನೋಡುತ್ತಿದ್ದರು. ಹೊರಗೆ ಕ್ಯೂ ಗದ್ದಲ ಮಾಡುತ್ತಿತ್ತು, ಅವರು ಒಮ್ಮೆಯೂ ತಿರುಗಲಿಲ್ಲ.

ಮೊದಲು ಗುಸುಗುಸು ಬಂತು, ನಗು ಬಂತು. ಆಮೇಲೆ ಗುಲ್ನಾರಳ ಗಟ್ಟಿ ದನಿ. ‘ಡಾಕ್ಟರು ಈ ಸಲ ಫೇಲ್. ನಡುವೆ ಎರಡು ಸಲ ಬಾಯಿ ಹಾಕಿದ್ರು. ಹೋದ ತಿಂಗಳು ಹನ್ನೊಂದು ಸಲ ಹಾಕಿದ್ರು, ಅದಕ್ಕೆ ಬೇಜಾರಿಲ್ಲ. ಮುಂದಿನ ತಿಂಗಳು ಮತ್ತೆ ಬರಲಿ.’

ನಾನು ನಗು ತಡೆದುಕೊಂಡು ಡಾಕ್ಟರ ಮುಖ ನೋಡಿದೆ. ಅವರು ಜೇಬಿನಿಂದ ಪೆನ್ನು ತೆಗೆದರು. ‘ಮುಂದಿನ ತಿಂಗಳು ಅಂದ್ರೆ ಯಾವ ಗುರುವಾರ ಸಿಸ್ಟರ್?’ ಅಂತ ಕೇಳಿದರು.